ಹಿಡಿತದ ಜ್ಯಾಮಿತಿ: ಮರ ಕಡೆಯುವ ಚಕ್ ಮತ್ತು ಅದರ ದವಡೆಗಳು

ಮೂವತ್ತು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ದಪ್ಪದ ಹಲಸಿನ ಬಿಲ್ಲೆಯೊಂದನ್ನು ಲೇಥಿಗೆ ಏರಿಸಿ ನಿಮಿಷಕ್ಕೆ 1,000 ಸುತ್ತು ತಿರುಗಿಸಿದರೆ ಅದರ ಅಂಚು ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಚೆನ್ನಾಗಿ ಒಣಗಿದ ಮರವಾದರೂ ಬಿಲ್ಲೆಯ ತೂಕ ನಾಲ್ಕು ಕಿಲೋ ದಾಟುತ್ತದೆ. ಅದರ ಮುಂದೆ ಒಂದೆರಡು ಅಡಿ ದೂರದಲ್ಲಿ ಉಳಿ ಹಿಡಿದು ಮನುಷ್ಯ ನಿಂತಿರುತ್ತಾನೆ. ಆ ಮರ ಹಾರಿಬಾರದಂತೆ ತಡೆದಿರುವುದು ಉಕ್ಕಿನ ನಾಲ್ಕು ತುಣುಕುಗಳು ಮಾತ್ರ. ಅವು ಮರವನ್ನು ಕಚ್ಚಿರುವ ಆಳ ಹೆಚ್ಚೆಂದರೆ ಒಂದು ಸೆಂಟಿಮೀಟರ್.

ಈ ನಾಲ್ಕು ತುಣುಕುಗಳೇ ಲೇಥಿನಲ್ಲಿ ಮರ ಹಿಡಿಯುವ ಸಾಧನವಾದ ಚಕ್ಕಿನ ದವಡೆಗಳು. ವರ್ಕ್‌ಶಾಪಿನಲ್ಲಿ ಇವನ್ನು 'ಜಾ' ಎನ್ನುವುದೇ ರೂಢಿ. ಮರ ಕಡೆಯುವುದನ್ನು ಕಲಿಯಲು ಹೊರಟವರು ಉಳಿಯ ಹರಿತದ ಬಗ್ಗೆ, ಮರದ ಬಣ್ಣದ ಬಗ್ಗೆ, ಕೊನೆಗೆ ಬಳಿಯುವ ಮೆರುಗಿನ ಬಗ್ಗೆ ತುಂಬ ವಿಚಾರಿಸುತ್ತಾರೆ. ಹಿಡಿತದ ಬಗ್ಗೆ ವಿಚಾರಿಸುವವರು ಕಡಿಮೆ. ಕೀಲಿ ಹಾಕಿ ಬಿಗಿಯಾಗಿ ತಿರುವಿದರೆ ಮುಗಿಯಿತು ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಹಿಡಿತ ಎಷ್ಟು ಗಟ್ಟಿ ಎನ್ನುವುದು ದವಡೆಯ ಆಕಾರವೂ ಅದು ಕಚ್ಚುವ ಮರದ ಆಕಾರವೂ ಎಷ್ಟು ಹೊಂದುತ್ತವೆ ಎನ್ನುವುದರ ಮೇಲೆ ನಿಂತಿದೆ. ಹೊಂದಿಕೆ ಸರಿಯಿದ್ದರೆ ಮಿತವಾದ ಬಲ ಸಾಕು. ಹೊಂದಿಕೆ ತಪ್ಪಿದರೆ ಎಷ್ಟು ಬಿಗಿದರೂ ಸಾಲದು. ಈ ಅಧ್ಯಾಯದ ತಿರುಳು ಇದೇ.

ಮೊನೆ, ತಟ್ಟೆ, ಟೊಳ್ಳು

ಲೇಥಿನಲ್ಲಿ ಮರ ಹಿಡಿಯುವ ಅತ್ಯಂತ ಹಳೆಯ ಉಪಾಯ ಅದನ್ನು ಎರಡು ಮೊನೆಗಳ ನಡುವೆ ಸಿಕ್ಕಿಸುವುದು. ಮಂಚದ ಕಾಲು, ಲಟ್ಟಣಿಗೆ, ಮೆಟ್ಟಿಲ ಕಟಕಟೆಯ ಕಂಬಿಗಳಿಗೆ ಇಂದಿಗೂ ಇದೇ ಸರಿಯಾದ ಕ್ರಮ. ಆದರೆ ಎರಡು ತುದಿಯೂ ಮೊನೆಗಳಿಗೆ ಸಿಕ್ಕಿಕೊಂಡಿರುವಾಗ ಒಳಗನ್ನು ತೋಡಲು ಆಗುವುದಿಲ್ಲ. ಬಟ್ಟಲು, ಕುಂಕುಮದ ಭರಣಿ, ಹೂದಾನಿಗಳನ್ನು ಮಾಡಬೇಕೆಂದರೆ ಒಂದು ತುದಿ ತೆರೆದಿರಬೇಕು, ಇಡೀ ಭಾರ ಇನ್ನೊಂದು ತುದಿಯ ಮೇಲೆ ನಿಲ್ಲಬೇಕು.

ಇದಕ್ಕೆ ಫೇಸ್‌ಪ್ಲೇಟ್ ಬಂತು. ಲೇಥಿನ ತಿರುಗುವ ಅಚ್ಚಾದ ಸ್ಪಿಂಡಲ್ಲಿಗೆ ತಿರುಚಿಕೊಳ್ಳುವ ಕಬ್ಬಿಣದ ತಟ್ಟೆಗೆ ಮರವನ್ನು ತಿರುಪುಮೊಳೆಗಳಿಂದ ಬಿಗಿದುಬಿಡುವುದು. ದೊಡ್ಡ, ಒರಟು, ಸಮತೋಲ ತಪ್ಪಿದ ಬಿಲ್ಲೆಗೆ ಇದಕ್ಕಿಂತ ಭದ್ರವಾದ ಹಿಡಿತ ಸಿಗುವುದು ಕಷ್ಟ. ಆದರೆ ಪ್ರತಿ ಸಲ ಮೊಳೆ ತೆಗೆದು ಹಾಕಬೇಕು, ಮೊಳೆ ಇಳಿದ ತೂತುಗಳು ಬುಡದಲ್ಲಿ ಉಳಿಯುತ್ತವೆ.

ಚನ್ನಪಟ್ಟಣದ ಬಣ್ಣದ ಗೊಂಬೆಯವರು ಹಿಡಿದಿರುವ ದಾರಿ ಬೇರೆ. ಹಾಲೆ ಮರದ ತುಂಡನ್ನು ಟೊಳ್ಳಾದ ಚಕ್ಕಿನೊಳಗೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮರದ ತುದಿ ಟೊಳ್ಳಿನ ಗೋಡೆಗೆ ಒತ್ತಿ ಕುಳಿತು ಘರ್ಷಣೆಯ ಬಲದಲ್ಲೇ ನಿಲ್ಲುತ್ತದೆ. ಬಿಚ್ಚುವ ಭಾಗಗಳಿಲ್ಲ, ಕೀಲಿ ಬೇಕಿಲ್ಲ, ಕ್ಷಣದಲ್ಲಿ ಕೆಲಸ ಆರಂಭ. ಆಕಾರ ಕೊಡುವುದು, ಉಜ್ಜಿ ನುಣುಪು ಮಾಡುವುದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಘರ್ಷಣೆಯ ಬಿಸಿಯಲ್ಲೇ ಬಣ್ಣ ಕರಗಿಸಿ ಹಚ್ಚುವುದು, ಎಲ್ಲವೂ ಒಂದೇ ಹಿಡಿತದಲ್ಲಿ ಮುಗಿಯುತ್ತದೆ. ಕೊನೆಗೆ ಗೊಂಬೆಯನ್ನು ತುಂಡಿನಿಂದ ಕತ್ತರಿಸಿ ಬಿಡಿಸಿಕೊಳ್ಳುತ್ತಾರೆ. ಒಮ್ಮೆ ಹಿಡಿದು ಒಮ್ಮೆ ಬಿಡುವ ಇಂಥ ಕೆಲಸಕ್ಕೆ ಇದು ಅತ್ಯುತ್ತಮ ಏರ್ಪಾಡು.

ಬಟ್ಟಲಿನ ಕಥೆ ಹಾಗಲ್ಲ. ಮೊದಲು ಹೊರಮೈ ಕಡೆಯಬೇಕು, ಆಮೇಲೆ ಮಗುಚಿ ಹಿಡಿದು ಒಳಗು ತೋಡಬೇಕು, ಕೊನೆಗೆ ಇನ್ನೊಮ್ಮೆ ಮಗುಚಿ ಬುಡ ಸರಿಮಾಡಬೇಕು. ಮೂರು ಸಲ ಹಿಡಿಯುವಾಗಲೂ ಮರದ ಕೇಂದ್ರ ಲೇಥಿನ ಕೇಂದ್ರದ ಮೇಲೆಯೇ ಬಂದು ಕೂರಬೇಕು. ಬಿಚ್ಚಿ ಮತ್ತೆ ಹಿಡಿದರೂ ಕೇಂದ್ರ ತಪ್ಪದ ಸಾಧನ ಬೇಕು ಎನ್ನುವ ಈ ಅಗತ್ಯವೇ ತಾನೇ ಕೇಂದ್ರಕ್ಕೆ ಬರುವ ನಾಲ್ಕು ದವಡೆಯ ಚಕ್ಕನ್ನು ಮರ ಕಡೆಯುವವರ ಮನೆಗೆ ತಂದದ್ದು.

ಚಕ್ಕುಲಿ ಸುರುಳಿಯ ಗಣಿತ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸೈಮನ್ ಫೇರ್‌ಮನ್ 1840ರಲ್ಲಿ ಪೇಟೆಂಟ್ ಪಡೆದ ಲೇಥ್ ಚಕ್ಕಿನಿಂದ ಇಂದಿನ ಸುರುಳಿ ಚಕ್ಕುಗಳ ವಂಶ ಆರಂಭವಾಗುತ್ತದೆ. ಚಕ್ಕಿನ ಮುಖ ಬಿಚ್ಚಿ ನೋಡಿದರೆ ಒಳಗೊಂದು ಉಕ್ಕಿನ ತಟ್ಟೆ ಕಾಣುತ್ತದೆ. ಅದರ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡ ಏಣು. ಚಕ್ಕುಲಿಯಲ್ಲಿ ಸುತ್ತಿನಿಂದ ಸುತ್ತಿಗೆ ಅಂತರ ಸಮನಾಗಿರುವಂತೆ ಈ ಏಣಿನ ಸುತ್ತುಗಳ ಅಂತರವೂ ಒಂದೇ. ಗಣಿತದಲ್ಲಿ ಇದಕ್ಕೆ ಆರ್ಕಿಮಿಡೀಸನ ಸುರುಳಿ ಎಂದು ಹೆಸರು. ಪ್ರತಿ ದವಡೆಯ ಬೆನ್ನಿನ ಹಲ್ಲುಗಳು ಈ ಏಣಿನ ನಡುವೆ ಕುಳಿತಿರುತ್ತವೆ. ತಟ್ಟೆ ಒಂದು ಸುತ್ತು ತಿರುಗಿದರೆ ದವಡೆಗಳು ಸರಿಯಾಗಿ ಒಂದು ಅಂತರದಷ್ಟು ಒಳಕ್ಕೋ ಹೊರಕ್ಕೋ ಸರಿಯುತ್ತವೆ. ದವಡೆ ಕೇಂದ್ರದ ಹತ್ತಿರವಿದ್ದರೂ ಅಂಚಿನಲ್ಲಿದ್ದರೂ ಸರಿಯುವ ದೂರ ಅಷ್ಟೇ. ನಾಲ್ಕನ್ನೂ ಒಂದೇ ಸುರುಳಿ ನಡೆಸುವುದರಿಂದ ನಾಲ್ಕೂ ಒಟ್ಟಿಗೆ ಕೇಂದ್ರದತ್ತ ಬರುತ್ತವೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ದವಡೆಗಳು ವೃತ್ತದ ಸುತ್ತ ಕಾಲು ಕಾಲು ಭಾಗಕ್ಕೊಂದರಂತೆ ಇವೆ. ಸುರುಳಿ ಕಾಲು ಸುತ್ತಿನಲ್ಲಿ ಅಂತರದ ನಾಲ್ಕನೇ ಒಂದು ಪಾಲು ಹಿಗ್ಗಿರುತ್ತದೆ. ಆದ್ದರಿಂದ ಪ್ರತಿ ದವಡೆಯ ಹಲ್ಲುಗಳೂ ಪಕ್ಕದ ದವಡೆಗಿಂತ ಅಂತರದ ಕಾಲು ಪಾಲಿನಷ್ಟು ಸರಿದಿರಬೇಕು. ದವಡೆಗಳ ಮೇಲೆ 1, 2, 3, 4 ಎಂದು ಅಂಕಿ ಕೆತ್ತಿರುವುದು ಇದಕ್ಕಾಗಿ. ಕಳಚಿ ಸ್ವಚ್ಛಗೊಳಿಸಿ ಮತ್ತೆ ಜೋಡಿಸುವಾಗ ಸುರುಳಿಯ ತುದಿ ಒಂದನೇ ದವಡೆ ಜಾರುವ ತೋಡಿನಲ್ಲಿ ಇಣುಕಿದ ಕೂಡಲೇ ಒಂದನೇ ದವಡೆಯನ್ನು ಒಳಕ್ಕೆ ಒತ್ತಬೇಕು, ಆಮೇಲೆ ಕೀಲಿ ತಿರುವುತ್ತ ಎರಡು, ಮೂರು, ನಾಲ್ಕು. ಕ್ರಮ ತಪ್ಪಿದರೆ ದವಡೆಗಳು ಚಲಿಸುತ್ತವೆ, ಆದರೆ ಕೇಂದ್ರದಲ್ಲಿ ಕೂಡುವುದಿಲ್ಲ.

ಬದಿಯಲ್ಲಿ ಕೀಲಿ ತಿರುವಿದಾಗ ಸಣ್ಣ ಹಲ್ಲುಗಾಲಿಯೊಂದು ಸುರುಳಿ ತಟ್ಟೆಯ ಬೆನ್ನಿನ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಅಲ್ಲೊಮ್ಮೆ, ಸುರುಳಿಯ ಸಣ್ಣ ಏರಿನಲ್ಲಿ ಇನ್ನೊಮ್ಮೆ, ಕೈಯ ಬಲ ವೃದ್ಧಿಯಾಗುತ್ತದೆ. ಬಹುಪಾಲು ಘರ್ಷಣೆಗೆ ಹೋದರೂ ದವಡೆಯಲ್ಲಿ ಸಾವಿರಾರು ನ್ಯೂಟನ್ ಬಲ ಉಳಿಯುತ್ತದೆ. ಆ ಘರ್ಷಣೆ ನಷ್ಟವೇನಲ್ಲ. ಸುರುಳಿಯ ಏರು ತೀರ ಕಡಿಮೆ ಇರುವುದರಿಂದ ಮರ ದವಡೆಯನ್ನು ಹೊರಕ್ಕೆ ತಳ್ಳಿದರೆ ಸುರುಳಿ ಹಿಂದಕ್ಕೆ ತಿರುಗುವುದಿಲ್ಲ. ಕೀಲಿ ತೆಗೆದ ಮೇಲೂ ಹಿಡಿತ ನಿಲ್ಲುವುದು ಇದರಿಂದ.

ಲೋಹದ ಚಕ್ ಮರಕ್ಕೆ ಏಕೆ ಒಗ್ಗದು

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಲೋಹ ಕಡೆಯುವ ಮೂರು ದವಡೆಯ ಚಕ್ ಸುಲಭವಾಗಿ ಸಿಗುತ್ತದೆ. ಮರಕ್ಕೂ ಅದನ್ನೇ ಹಾಕಿದರೇನು ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಸಣ್ಣದೊಂದು ಲೆಕ್ಕ ಸಾಕು.

ಒಂದು ದವಡೆ ಮರವನ್ನು 2,000 ನ್ಯೂಟನ್ ಬಲದಿಂದ ಒತ್ತುತ್ತಿದೆ ಎಂದುಕೊಳ್ಳಿ. ಲೋಹದ ಚಕ್ಕಿನ ಕಿರಿದಾದ ದವಡೆ ಮುಟ್ಟುವ ಜಾಗ 10 ಮಿ.ಮೀ. ಅಗಲ, 8 ಮಿ.ಮೀ. ಆಳ ಎಂದರೆ 80 ಚದರ ಮಿಲಿಮೀಟರ್. ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ಬಿತ್ತು. ಗಟ್ಟಿಮರಗಳಲ್ಲೂ ಹೆಚ್ಚಿನವು ನಾರಿಗೆ ಅಡ್ಡಲಾಗಿ ಒತ್ತಿದರೆ ಚದರ ಮಿಲಿಮೀಟರಿಗೆ ಸುಮಾರು 5ರಿಂದ 15 ನ್ಯೂಟನ್ನಿನಲ್ಲೇ ಜಜ್ಜಿಕೊಳ್ಳತೊಡಗುತ್ತವೆ. ಉಕ್ಕಿಗೆ ಲೆಕ್ಕಕ್ಕೇ ಇಲ್ಲದ ಒತ್ತಡ ಮರದ ನಾರನ್ನು ಹಿಸುಕಿಬಿಡುತ್ತದೆ. ಹಿಸುಕಿದ ಮರ ಸಡಿಲವಾಗುತ್ತದೆ.

ಈಗ ಮರಕ್ಕೆಂದೇ ಮಾಡಿದ 50 ಮಿ.ಮೀ. ದವಡೆಯನ್ನು ನೋಡಿ. ನಾಲ್ಕರಲ್ಲಿ ಒಂದೊಂದೂ ವೃತ್ತದ ಹೆಚ್ಚುಕಡಿಮೆ ಕಾಲು ಭಾಗವನ್ನು ಆವರಿಸುತ್ತದೆ. ಕಮಾನಿನ ಉದ್ದ ಸುಮಾರು 37 ಮಿ.ಮೀ., ಆಳ ಅದೇ 8. ಮುಟ್ಟುವ ಜಾಗ 300 ಚದರ ಮಿಲಿಮೀಟರಿನ ಹತ್ತಿರ. ಅದೇ 2,000 ನ್ಯೂಟನ್ ಬಲ ಇಲ್ಲಿ ಚದರ ಮಿಲಿಮೀಟರಿಗೆ 7 ನ್ಯೂಟನ್ನಿಗೂ ಕಡಿಮೆ ಒತ್ತಡವಾಗುತ್ತದೆ. ಬಲ ಅಷ್ಟೇ ಇದ್ದರೂ ಮರ ಉಳಿಯಿತು.

ಇದರ ಜೊತೆಗೆ ಲೋಹದ ಚಕ್ಕಿನ ದವಡೆಗಳು ಮೆಟ್ಟಿಲು ಮೆಟ್ಟಿಲಾಗಿ ಹೊರಚಾಚಿಕೊಂಡಿರುತ್ತವೆ. ಮರ ಕಡೆಯುವವರ ಕೈ ಚಕ್ಕಿನ ಪಕ್ಕದಲ್ಲೇ ಓಡಾಡುವುದರಿಂದ ಗೆಣ್ಣುಗಳಿಗೆ ಅಪಾಯ. ಮೂರು ದವಡೆಗಳು ಚೌಕದ ಕಟ್ಟಿಗೆಯನ್ನು ಕೇಂದ್ರಕ್ಕೆ ತಂದು ಹಿಡಿಯಲಾರವು. ನಾಲ್ಕು ದವಡೆಗಳು ಚೌಕವನ್ನೂ ದುಂಡನ್ನೂ ಹಿಡಿಯುತ್ತವೆ.

ದವಡೆಗೆ ಒಪ್ಪುವುದು ಒಂದೇ ವ್ಯಾಸ

ಮರದ ಚಕ್ಕಿನ ವಿಶೇಷವೆಂದರೆ ದವಡೆ ಎರಡು ಭಾಗಗಳಲ್ಲಿದೆ. ಸುರುಳಿಗೆ ಕಚ್ಚಿಕೊಂಡಿರುವ ಅಡಿಗಟ್ಟು ಚಕ್ಕಿನೊಳಗೇ ಇರುತ್ತದೆ. ಮರವನ್ನು ಹಿಡಿಯುವ ಮೇಲ್ದವಡೆ ಅದರ ಮೇಲೆ ತಿರುಪುಗಳಿಂದ ಕೂರುತ್ತದೆ, ಸಾಮಾನ್ಯವಾಗಿ ದವಡೆಗೆ ಎರಡರಂತೆ ಎಂಟು ತಿರುಪು. ಅವನ್ನು ಬಿಚ್ಚಿ ಬೇರೆ ಅಳತೆಯ, ಬೇರೆ ಆಕಾರದ ದವಡೆ ಹಾಕಬಹುದು. 1980ರ ದಶಕದಿಂದೀಚೆಗೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಕೆನಡಾ, ಬ್ರಿಟನ್ನಿನ ತಯಾರಕರು ಇಂಥ ಬದಲಿ ದವಡೆಗಳ ದೊಡ್ಡ ಸಾಲನ್ನೇ ಬೆಳೆಸಿದ್ದಾರೆ. ಟೆಕ್ನಾಟೂಲ್‌ನ ನೋವಾ, ವಿಕ್‌ಮಾರ್ಕ್, ಒನ್‌ವೇ, ರೆಕಾರ್ಡ್ ಪವರ್ ಮೊದಲಾದ ಹೆಸರುಗಳು ಮರ ಕಡೆಯುವವರ ಬಾಯಲ್ಲಿ ಓಡಾಡುವುದು ಈ ಕಾರಣಕ್ಕೆ.

ಇಷ್ಟೊಂದು ದವಡೆಗಳು ಏಕೆ ಬೇಕು? ಒಂದೇ ದವಡೆ ಚಿಕ್ಕದಾಗಿಯೂ ದೊಡ್ಡದಾಗಿಯೂ ತೆರೆಯುತ್ತದಲ್ಲ? ಮರ ಕಡೆಯುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ ಇಲ್ಲಿದೆ. ನಾಲ್ಕು ದವಡೆಗಳು ಒಂದು ಉಂಗುರವನ್ನು ಸೀಳಿ ಮಾಡಿದಂಥವು. ಅವುಗಳ ನಡುವೆ ಗರಗಸದ ಅಲಗು ಓಡಿದಷ್ಟೇ ಸಂದು ಇದ್ದಾಗ ಮಾತ್ರ ನಾಲ್ಕೂ ಸೇರಿ ನಿಜವಾದ ವೃತ್ತವಾಗುತ್ತವೆ. ಅದಕ್ಕಿಂತ ಹೆಚ್ಚು ತೆರೆದರೆ ಕಮಾನುಗಳು ಕೇಂದ್ರದಿಂದ ದೂರ ಸರಿಯುತ್ತವೆ, ಆದರೆ ಪ್ರತಿ ಕಮಾನಿನ ಬಾಗು ಹಳೆಯದೇ.

50 ಮಿ.ಮೀ. ವೃತ್ತದ ದವಡೆಯಲ್ಲಿ 56 ಮಿ.ಮೀ. ವ್ಯಾಸದ ಮರವನ್ನು ಹಿಡಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕೋಣ. ಮರದ ಬಾಗು ದವಡೆಯ ಬಾಗಿಗಿಂತ ಚಪ್ಪಟೆ. ಆದ್ದರಿಂದ ದವಡೆಯ ಎರಡು ಮೂಲೆಗಳು ಮಾತ್ರ ಮರವನ್ನು ಮುಟ್ಟುತ್ತವೆ, ನಡುವೆ ಸುಮಾರು ಒಂದು ಮಿಲಿಮೀಟರ್ ಖಾಲಿ. 65 ಮಿ.ಮೀ.ಗೆ ತೆರೆದರೆ ಆ ಖಾಲಿ ಎರಡು ಮಿಲಿಮೀಟರಿಗೆ ಹತ್ತಿರವಾಗುತ್ತದೆ. ವೃತ್ತದುದ್ದಕ್ಕೂ ಅಪ್ಪಿಕೊಳ್ಳಬೇಕಾದ ಹಿಡಿತ ಎಂಟು ಚೂಪು ಮೂಲೆಗಳ ಕಚ್ಚುವಿಕೆಯಾಗಿ ಉಳಿಯಿತು. ಬಿಚ್ಚಿದಾಗ ಬುಡದ ಮೇಲೆ ಎಂಟು ಗಾಯಗಳು ಕಾಣುತ್ತವೆ. ಒಳಗಿಂದ ಹಿಗ್ಗಿಸಿ ಹಿಡಿಯುವಾಗ ಇದೇ ಜ್ಯಾಮಿತಿ ಮಗುಚಿಕೊಳ್ಳುತ್ತದೆ. ಪ್ರತಿ ದವಡೆಯ ನಡುಭಾಗ ಮಾತ್ರ ಮುಟ್ಟುತ್ತದೆ, ಮೂಲೆಗಳು ಗಾಳಿಯಲ್ಲಿ.

ಹಾಗಾಗಿ ಮರವನ್ನು ದವಡೆಯ ನಿಜವೃತ್ತಕ್ಕೆ ತೀರ ಹತ್ತಿರದ ವ್ಯಾಸಕ್ಕೆ ಕಡೆಯುವುದು ಮೊದಲ ನಿಯಮ. 50 ಮಿ.ಮೀ. ದವಡೆಗೆ 51ರಿಂದ 54 ಮಿ.ಮೀ. ಒಳ್ಳೆಯ ಅಳತೆ. ಬೇರೆ ವ್ಯಾಸ ಬೇಕೇ ಬೇಕೆಂದಾದರೆ ದವಡೆಯನ್ನೇ ಬದಲಿಸಬೇಕು. ಬದಲಿ ದವಡೆಗಳು ಹುಟ್ಟಿದ್ದೇ ಇದಕ್ಕಾಗಿ.

ಬುಡದ ಟೆನನ್, ಅದರ ಹೆಗಲು

ಬಟ್ಟಲಿನ ಬುಡದಲ್ಲಿ ದವಡೆಗೆ ಸಿಗಲೆಂದು ಉಳಿಸುವ ಗಿಡ್ಡ ದುಂಡು ಭಾಗವೇ ಟೆನನ್. ಇದನ್ನು ಕಡೆಯುವಾಗ ಮೂರು ವಿಷಯ ನೋಡಬೇಕು.

ಒಂದು, ಬದಿಯ ಇಳಿಜಾರು. ಹೆಚ್ಚಿನ ದವಡೆಗಳು ಡವ್‌ಟೇಲ್ ಆಕಾರದವು, ಒಳಗೆ ಅಗಲ, ಬಾಯಲ್ಲಿ ಕಿರಿದು. ಈ ಇಳಿಜಾರಿನಿಂದಾಗಿ ದವಡೆ ಒತ್ತಿದಾಗ ಬಲದ ಒಂದು ಪಾಲು ಮರವನ್ನು ಚಕ್ಕಿನ ಕಡೆಗೆ ಎಳೆಯುತ್ತದೆ. ಇಳಿಜಾರು 10 ಡಿಗ್ರಿ ಇದ್ದರೆ 1,000 ನ್ಯೂಟನ್ ಒತ್ತುವಿಕೆಗೆ ಸುಮಾರು 175 ನ್ಯೂಟನ್ ಎಳೆತ. ಮರದ ಇಳಿಜಾರೂ ದವಡೆಯದೂ ಒಂದೇ ಇದ್ದಾಗ ಮಾತ್ರ ಇಡೀ ಮೈ ಮುಟ್ಟುತ್ತದೆ. ಹಲ್ಲು ಗೀರಿದ ನೇರ ದವಡೆಗಳಿಗೆ ನೇರ ಬದಿಯ ಟೆನನ್ನೇ ಆಗಬೇಕು. ಒಂದಕ್ಕೆ ಕಡೆದದ್ದನ್ನು ಇನ್ನೊಂದರಲ್ಲಿ ಹಿಡಿದರೆ ಒಂದು ಗೆರೆಯಷ್ಟೇ ಮುಟ್ಟುತ್ತದೆ.

ಎರಡು, ಉದ್ದ. ಟೆನನ್ನಿನ ತುದಿ ಚಕ್ಕಿನ ತಳಕ್ಕೆ ತಾಗಬಾರದು. ದವಡೆಯ ಆಳ 10 ಮಿ.ಮೀ. ಇದ್ದರೆ ಟೆನನ್ 8 ಇರಲಿ.

ಮೂರನೆಯದೇ ಅತಿ ಮುಖ್ಯ. ಟೆನನ್ನಿನ ಸುತ್ತ ಮರದ ಹೆಗಲು ಸಪಾಟಾಗಿದ್ದು ದವಡೆಯ ಮುಖಕ್ಕೆ ಸರಿಯಾಗಿ ಕೂತಿರಬೇಕು. ಇದೇಕೆ ಇಷ್ಟು ಮುಖ್ಯ ಎನ್ನುವುದನ್ನೂ ಲೆಕ್ಕದಲ್ಲೇ ನೋಡೋಣ. 20 ಸೆಂ.ಮೀ. ಉದ್ದದ ಹೂದಾನಿಯ ಬಾಯಲ್ಲಿ ಉಳಿ ಕಚ್ಚಿಕೊಂಡು 200 ನ್ಯೂಟನ್ ಬಲದಿಂದ ಪಕ್ಕಕ್ಕೆ ತಳ್ಳಿತು ಎನ್ನಿ. ಬುಡದಲ್ಲಿ 40 ನ್ಯೂಟನ್-ಮೀಟರ್ ಮುರಿಬಲ ಹುಟ್ಟುತ್ತದೆ. ಹೆಗಲು ಕೂತಿಲ್ಲದಿದ್ದರೆ ಇದನ್ನು ತಡೆಯಬೇಕಾದದ್ದು 8 ಮಿ.ಮೀ. ಉದ್ದದ ಟೆನನ್ ಒಂದೇ. ಸ್ಥೂಲವಾಗಿ 5,000 ನ್ಯೂಟನ್ ಬೇಕು. ಹೆಗಲು ದವಡೆಯ ಮುಖಕ್ಕೆ ಒರಗಿದ್ದರೆ ತಡೆಯುವ ಅಗಲ 60 ಮಿ.ಮೀ. ಆಗುತ್ತದೆ. ಆಗ ಬೇಕಾದ ಬಲ 700 ನ್ಯೂಟನ್ನಿಗೂ ಕಡಿಮೆ. ಕೂದಲೆಳೆಯ ಸಂದೂ ಇಲ್ಲದಂತೆ ಹೆಗಲು ಕೂತಿದ್ದರೆ ಟೆನನ್ ಹೊರಬೇಕಾದ ಹೊರೆ ಏಳರಲ್ಲಿ ಒಂದು ಪಾಲಿಗೆ ಇಳಿಯಿತು. ಮರ ಹಿಡಿದ ಮೇಲೆ ಲೇಥ್ ಚಾಲೂ ಮಾಡುವ ಮುನ್ನ ಹೆಗಲಿನ ಸುತ್ತ ಕಾಗದದ ಚೂರು ತೂರಿಸಿ ನೋಡಿ. ಎಲ್ಲಿಯೂ ನುಸುಳಬಾರದು.

ಟೆನನ್ನಿನ ವ್ಯಾಸ ಬಟ್ಟಲಿನ ವ್ಯಾಸದ ಮೂರನೇ ಒಂದರಿಂದ ಐದನೇ ಎರಡು ಪಾಲು ಇರಬೇಕೆನ್ನುವುದು ಅನುಭವಿಗಳ ಅಂದಾಜು. ಮೊದಲು ಹೇಳಿದ 30 ಸೆಂ.ಮೀ. ಹಲಸಿನ ಬಿಲ್ಲೆಗೆ 100ರಿಂದ 120 ಮಿ.ಮೀ. ಟೆನನ್ ಬೇಕಾಯಿತು. 50 ಮಿ.ಮೀ. ದವಡೆ ಅದಕ್ಕೆ ಸಾಲದು. 100 ಮಿ.ಮೀ. ದವಡೆ ಹಾಕಿಯೇ ಕೆಲಸಕ್ಕೆ ಇಳಿಯಬೇಕು.

ಒಳಗಿಂದ ಹಿಗ್ಗಿಸುವಾಗ

ಟೆನನ್ ಬದಲು ಬುಡದಲ್ಲಿ ಕುಳಿ ತೋಡಿ ದವಡೆಯನ್ನು ಅದರೊಳಗೆ ಹಿಗ್ಗಿಸಿ ಹಿಡಿಯುವ ಕ್ರಮವೂ ಉಂಟು. ಮೂರು-ನಾಲ್ಕು ಮಿಲಿಮೀಟರ್ ಆಳ ಸಾಕಾಗುವುದರಿಂದ ಮರ ಉಳಿಯುತ್ತದೆ. ತಟ್ಟೆಯಂಥ ಚಪ್ಪಟೆ ವಸ್ತುಗಳಿಗೆ ಇದು ಅನುಕೂಲ. ಕುಳಿಯನ್ನೇ ಅಂದವಾಗಿ ಕಡೆದು ಬುಡದಲ್ಲಿ ಹಾಗೆಯೇ ಬಿಡಲೂಬಹುದು.

ಆದರೆ ಇಲ್ಲಿ ಮರವನ್ನು ಒತ್ತುವ ಬದಲು ಸೀಳುವ ದಿಕ್ಕಿಗೆ ಬಲ ಹಾಕುತ್ತಿದ್ದೇವೆ. ನಾರಿಗೆ ಅಡ್ಡಲಾಗಿ ಎಳೆದರೆ ಮರ ತಾಳುವ ಶಕ್ತಿ, ನಾರಿನುದ್ದಕ್ಕೆ ಎಳೆದಾಗ ತಾಳುವುದರ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು, ಎಷ್ಟೋ ಮರಗಳಲ್ಲಿ ಇನ್ನೂ ಕಡಿಮೆ. ಮರದ ಅತ್ಯಂತ ದುರ್ಬಲ ಮಗ್ಗುಲು ಇದೇ. ಆದ್ದರಿಂದ ಕುಳಿಯ ಸುತ್ತ ದಪ್ಪ ಅಂಚು ಉಳಿಸಬೇಕು, ಕೀಲಿಯನ್ನು ಮಿತವಾಗಿ ತಿರುವಬೇಕು. ಬಿರುಕು, ಗಂಟು, ಹಸಿತನ ಇರುವ ಮರಕ್ಕೆ ಈ ಕ್ರಮ ಬೇಡವೇ ಬೇಡ.

ದವಡೆ ಸುಮ್ಮನಿದ್ದರೂ ಮರ ಸುಮ್ಮನಿರದು

ಉಕ್ಕನ್ನು ಬಿಗಿದರೆ ಬಿಗಿದಂತೆ ನಿಲ್ಲುತ್ತದೆ. ಮರ ಹಾಗಲ್ಲ. ಸತತ ಒತ್ತಡದಲ್ಲಿ ಅದರ ನಾರುಗಳು ನಿಧಾನವಾಗಿ ಸರಿದುಕೊಂಡು ಒತ್ತಡವನ್ನು ಸಡಿಲಿಸಿಕೊಳ್ಳುತ್ತವೆ. ಬಿಗಿದು ಐದು ನಿಮಿಷ ಕಡೆದ ಮೇಲೆ ಯಂತ್ರ ನಿಲ್ಲಿಸಿ ಕೀಲಿ ಹಾಕಿದರೆ ಇನ್ನೂ ಸ್ವಲ್ಪ ತಿರುಗುತ್ತದೆ. ಹಸಿ ಮರದಲ್ಲಿ ಇದು ಇನ್ನೂ ಹೆಚ್ಚು. ರಾತ್ರಿ ಚಕ್ಕಿನಲ್ಲೇ ಬಿಟ್ಟುಹೋದ ಬಟ್ಟಲು ಬೆಳಗ್ಗೆಗೆ ಸಡಿಲಾಗಿರುತ್ತದೆ.

ಬಿಲ್ಲೆಯ ಟೆನನ್ನಿನ ಸುತ್ತ ಒಂದು ಸುತ್ತು ಬಂದರೆ ಎರಡು ಕಡೆ ನಾರಿನ ತುದಿಗಳು ಎದುರಾಗುತ್ತವೆ, ಎರಡು ಕಡೆ ನಾರಿನ ಬದಿಗಳು. ತುದಿಯಿಂದ ಒತ್ತಿದಾಗ ಮರ ತಾಳುವ ಒತ್ತಡ ಬದಿಯಿಂದ ಒತ್ತಿದಾಗ ತಾಳುವುದಕ್ಕಿಂತ ಐದರಿಂದ ಹತ್ತು ಪಟ್ಟು. ಹೀಗಾಗಿ ನಾಲ್ಕು ದವಡೆಗಳು ಸಮನಾಗಿ ಒತ್ತಿದರೂ ಮರ ಸಮನಾಗಿ ತಗ್ಗುವುದಿಲ್ಲ. ಚಕ್ಕನ್ನು ಕೈಯಿಂದ ತಿರುಗಿಸಿ ಎರಡನೇ ಕೀಲಿರಂಧ್ರದಲ್ಲೂ ಬಿಗಿಯುವ ಅಭ್ಯಾಸ ಇಲ್ಲಿ ಸಹಾಯಕ್ಕೆ ಬರುತ್ತದೆ.

ಒಣಗುವಾಗಿನ ಕುಗ್ಗುವಿಕೆ ಮೂರನೇ ಸಂಗತಿ. ಬೆಳವಣಿಗೆಯ ಉಂಗುರಗಳ ಗುಂಟ ಮರ ಕುಗ್ಗುವ ಪ್ರಮಾಣ ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ನಾರಿನುದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಸಿ ಮರದ ಬಟ್ಟಲನ್ನು ದುಂಡಗೆ ಕಡೆದು ತಿಂಗಳುಗಟ್ಟಲೆ ಒಣಗಿಸಿದರೆ ಅದು ಅಂಡಾಕಾರಕ್ಕೆ ಬರುತ್ತದೆ. ಅನುಭವಸ್ಥರು ಮೊದಲು ಗೋಡೆಯನ್ನು ವ್ಯಾಸದ ಹತ್ತನೇ ಒಂದರಷ್ಟು ದಪ್ಪ ಬಿಟ್ಟು ಒರಟಾಗಿ ಕಡೆದು, ಒಣಗಿದ ಮೇಲೆ ಎರಡನೇ ಸಲ ಕಡೆಯುತ್ತಾರೆ. ಆದರೆ ಬಟ್ಟಲಿನ ಜೊತೆ ಟೆನನ್ನೂ ಅಂಡಾಕಾರವಾಗಿರುತ್ತದೆ. ಅದನ್ನೇ ನೇರವಾಗಿ ದವಡೆಗೆ ಕೊಡುವಂತಿಲ್ಲ. ಬಟ್ಟಲನ್ನು ಎರಡು ಮೊನೆಗಳ ನಡುವೆ ಹಿಡಿದು ಟೆನನ್ನನ್ನೂ ಹೆಗಲನ್ನೂ ಮತ್ತೆ ದುಂಡಗೆ ಮಾಡಿಕೊಂಡೇ ಚಕ್ಕಿಗೆ ಏರಿಸಬೇಕು. ಇದಕ್ಕೆ ಅವಕಾಶವಿರಲಿ ಎಂದು ಮೊದಲ ಸುತ್ತಿನಲ್ಲಿ ಟೆನನ್ನನ್ನು ತುಸು ದೊಡ್ಡದಾಗಿಯೇ ಬಿಡುವುದು ಜಾಣತನ.

ಕೆಲಸದ ನಡುವೆ ಬಿಚ್ಚಬೇಕಾಗಿ ಬಂದರೆ ಒಂದನೇ ದವಡೆಯ ಎದುರು ಮರದ ಮೇಲೆ ಪೆನ್ಸಿಲ್ ಗುರುತು ಹಾಕಿ. ಮತ್ತೆ ಹಿಡಿಯುವಾಗ ಅದೇ ಗುರುತು ಅದೇ ದವಡೆಗೆ ಬಂದರೆ ಹಳೆಯ ಅಚ್ಚಿನಲ್ಲೇ ಕೂರುತ್ತದೆ, 'ಔಟ್' ಎಂದರೆ ಕೇಂದ್ರ ತಪ್ಪಿದ ಓಲಾಟ ಕಡಿಮೆ.

ಯಾವ ಕೆಲಸಕ್ಕೆ ಯಾವ ದವಡೆ

ಚಕ್ಕಿನ ಜೊತೆ ಬರುವುದು ಸಾಮಾನ್ಯವಾಗಿ 50 ಮಿ.ಮೀ. ಆಸುಪಾಸಿನ ದವಡೆ. ಸಣ್ಣ ಬಟ್ಟಲುಗಳಿಗೆ, ಡಬ್ಬಿಗಳಿಗೆ ಇದೇ ಸಾಕು. ಸುಮಾರು 25 ಮಿ.ಮೀ. ಪಿನ್ ದವಡೆಗಳು ಸಣ್ಣ ಕಟ್ಟಿಗೆಗೆ, ಕೊರೆದ ತೂತಿನೊಳಗೆ ಹಿಗ್ಗಿಸಿ ಹಿಡಿಯುವುದಕ್ಕೆ. ಉದ್ದ ಮೂತಿಯ ದವಡೆಗಳು ಹೂದಾನಿ, ಮೆಣಸು ಬೀಸುವ ಗಿರಣಿಯಂಥ ಉದ್ದ ವಸ್ತುಗಳಿಗೆ. ಅವು ಹೆಚ್ಚು ಆಳಕ್ಕೆ ಅಪ್ಪಿ ಹಿಡಿಯುವುದರಿಂದ ಓಲಾಟ ಕಡಿಮೆ. 100 ಮಿ.ಮೀ. ಮತ್ತು ಅದಕ್ಕೆ ಮೇಲ್ಪಟ್ಟವು ದೊಡ್ಡ ಬಟ್ಟಲುಗಳಿಗೆ.

ಬಟ್ಟಲಿನ ಟೆನನ್ ತೆಗೆದು ಬುಡ ನುಣುಪು ಮಾಡಲು ಕೋಲ್ ದವಡೆ ಇದೆ. ದೊಡ್ಡ ಅಲ್ಯೂಮಿನಿಯಂ ತಟ್ಟೆಯನ್ನು ನಾಲ್ಕು ಭಾಗ ಮಾಡಿ ರಬ್ಬರ್ ಗುಂಡಿಗಳನ್ನು ಕೂರಿಸಿದಂಥ ಸಾಧನ. ಗುಂಡಿಗಳು ಬಟ್ಟಲಿನ ಅಂಚನ್ನು ಸುತ್ತಲಿಂದ ಹಿಡಿಯುತ್ತವೆ. ಗುರುತು ಬೀಳುವುದಿಲ್ಲ, ಆದರೆ ಒರಗಲು ಹೆಗಲೂ ಇಲ್ಲ. ಆದ್ದರಿಂದ ತಯಾರಕರು ಹೇಳಿದ ವೇಗದ ಮಿತಿಯನ್ನು ದಾಟಲೇಬಾರದು. ನಿಮಿಷಕ್ಕೆ 600 ಸುತ್ತಿನೊಳಗೆ, ತೆಳುವಾದ ಕಡೆತಗಳಲ್ಲಿ, ಸಾಧ್ಯವಿರುವವರೆಗೂ ಲೇಥಿನ ಎದುರು ತುದಿಯ ಮೊನೆಯ, ಎಂದರೆ ಟೇಲ್‌ಸ್ಟಾಕಿನ, ಆಸರೆ ಕೊಟ್ಟು ಕೆಲಸ ಮಾಡಬೇಕು.

ದವಡೆಯೇ ಇಲ್ಲದೆ ಗಾಳಿಯ ಒತ್ತಡದಿಂದ ಹಿಡಿಯುವ ನಿರ್ವಾತ ಚಕ್ಕೂ ಬಳಕೆಯಲ್ಲಿದೆ. 20 ಸೆಂ.ಮೀ. ವ್ಯಾಸದ ಬಟ್ಟಲಿನೊಳಗಿಂದ ಗಾಳಿಯ ಶೇ. 70 ಹೀರಿದರೆ ಸಮುದ್ರಮಟ್ಟದಲ್ಲಿ ಸುಮಾರು 2,200 ನ್ಯೂಟನ್ ಬಲ ಬಟ್ಟಲನ್ನು ಚಕ್ಕಿಗೆ ಒತ್ತುತ್ತದೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರವೇ ಹತ್ತನೇ ಒಂದರಷ್ಟು ಕಡಿಮೆ, ಹಿಡಿತವೂ ಅಷ್ಟು ಕಡಿಮೆ. ಬಿರುಕಿದ್ದರೆ ಗಾಳಿ ಸೋರುತ್ತದೆ, ತೀರ ತೆಳು ಗೋಡೆಯಾದರೆ ಒತ್ತಡಕ್ಕೆ ಒಡೆಯುತ್ತದೆ. ಮರದ ಮೇಲೆ ಒಂದೇ ಒಂದು ಗಾಯವಿಲ್ಲದೆ ಬುಡ ಮುಗಿಸಲು ಇದಕ್ಕೆ ಸಾಟಿಯಿಲ್ಲ.

ಕೊಳ್ಳುವ ಮುನ್ನ, ಚಾಲೂ ಮಾಡುವ ಮುನ್ನ

ಮೊದಲು ನಿಮ್ಮ ಲೇಥಿನ ಸ್ಪಿಂಡಲ್ ಮರೆಯ, ಎಂದರೆ ಅದರ ತಿರುಪು ಎಳೆಯ, ಅಳತೆ ತಿಳಿದುಕೊಳ್ಳಿ. ಅಮೆರಿಕನ್ ಮಾದರಿಯ ಲೇಥುಗಳಲ್ಲಿ ಒಂದು ಇಂಚು ವ್ಯಾಸಕ್ಕೆ ಇಂಚಿಗೆ 8 ಎಳೆ, ಯುರೋಪಿನವುಗಳಲ್ಲಿ ಎಂ33×3.5 ಹೆಚ್ಚು ಸಾಮಾನ್ಯ. ಮರೆ ಹೊಂದದಿದ್ದರೆ ಚಕ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಕೆಲವು ಚಕ್ಕುಗಳಿಗೆ ಬದಲಿ ಅಡಾಪ್ಟರ್ ಸಿಗುತ್ತದೆ. ಮುಂದೆ ಲೇಥ್ ಬದಲಿಸುವ ಯೋಚನೆ ಇದ್ದವರು ಅಂಥದ್ದನ್ನೇ ಆರಿಸಲಿ. ಎರಡನೆಯದು ಚಕ್ಕಿನ ಗಾತ್ರ. 30–35 ಸೆಂ.ಮೀ. ಬಿಲ್ಲೆ ಹಿಡಿಯುವ ಲೇಥಿಗೆ 100 ಮಿ.ಮೀ. ಮೈಯ ಚಕ್ ಒಪ್ಪುತ್ತದೆ. ಪುಟ್ಟ ಲೇಥಿಗೆ ಭಾರಿ ಚಕ್ ಹಾಕಿದರೆ ಬೇರಿಂಗಿಗೆ ಹೊರೆ, ಕೆಲಸದ ಜಾಗವೂ ಕಡಿಮೆ. ಮೂರನೆಯದು ದವಡೆಗಳ ಲಭ್ಯತೆ. ಒಬ್ಬ ತಯಾರಕರ ದವಡೆ ಇನ್ನೊಬ್ಬರ ಚಕ್ಕಿಗೆ ಹೊಂದುತ್ತದೆಂದು ನೆಚ್ಚುವಂತಿಲ್ಲ. ಅಗ್ಗವೆಂದು ಒಂಟಿ ಚಕ್ ಕೊಂಡವರಿಗೆ ನಾಳೆ 100 ಮಿ.ಮೀ. ದವಡೆ ಬೇಕಾದಾಗ ಸಿಗದೆ ಹೋಗಬಹುದು.

ಸುರುಳಿಗೆ ಎಣ್ಣೆ ಸುರಿಯಬೇಡಿ. ಎಣ್ಣೆಗೆ ಹೊಟ್ಟು ಮೆತ್ತಿಕೊಂಡು ದವಡೆ ಜಾಮ್ ಆಗುತ್ತದೆ. ಬ್ರಷ್ಷಿನಿಂದ ಉಜ್ಜಿ ಮೇಣ ಸವರಿದರೆ ಸಾಕು. ದವಡೆಗಳನ್ನು ಚಕ್ಕಿನ ಮೈಯಿಂದ ಹೊರಚಾಚುವಷ್ಟು ತೆರೆಯಬೇಡಿ. ಆಗ ಸುರುಳಿಯಲ್ಲಿ ಉಳಿದಿರುವುದು ಒಂದೆರಡು ಹಲ್ಲು ಮಾತ್ರ. ಲೇಥನ್ನು ಹಿಮ್ಮುಖವಾಗಿ ಓಡಿಸುವುದಾದರೆ ಚಕ್ಕಿನ ಬೀಗದ ತಿರುಪು ಬಿಗಿಯಿರಲಿ, ಇಲ್ಲವಾದರೆ ಇಡೀ ಚಕ್ಕೇ ಸ್ಪಿಂಡಲ್ಲಿನಿಂದ ಬಿಚ್ಚಿಕೊಳ್ಳುತ್ತದೆ.

ವೇಗದ ವಿಷಯದಲ್ಲಿ ಒಂದು ಅಂಕಿ ನೆನಪಿಡಿ. 30 ಸೆಂ.ಮೀ. ಬಿಲ್ಲೆಯ ಅಂಚಿನಲ್ಲಿ ಒಂದು ಬದಿಗೆ ಬರೀ 50 ಗ್ರಾಂ ಹೆಚ್ಚು ಭಾರವಿದ್ದರೆ 1,000 ಸುತ್ತಿನಲ್ಲಿ ಅದು ಚಕ್ಕನ್ನು ಎಂಟು ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, 33 ಕಿಲೋ ದಾಟುತ್ತದೆ. ಹೊಸ ಬಿಲ್ಲೆಯನ್ನು ಯಾವಾಗಲೂ ಕಡಿಮೆ ವೇಗದಲ್ಲಿ, ಟೇಲ್‌ಸ್ಟಾಕ್ ಒತ್ತಿ ಆರಂಭಿಸಬೇಕು ಎನ್ನುವುದು ಇದಕ್ಕೇ.

ಮೊದಲ ಚಕ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಲೇಥಿಗೆ ಸರಿಹೊಂದುವ ಒಂದು ಒಳ್ಳೆಯ ಚಕ್, ಅದರ ಜೊತೆಗೆ ಬರುವ 50 ಮಿ.ಮೀ. ದವಡೆ, ಮುಖ ಪೂರ್ತಿ ಮುಚ್ಚುವ ರಕ್ಷಾಕವಚ. ಉಳಿದ ದವಡೆಗಳನ್ನು ಆಸೆಯಿಂದ ಒಟ್ಟುಗೂಡಿಸಬೇಡಿ, ಕೆಲಸವೇ ಕೇಳಿದಾಗ ಕೊಳ್ಳಿ. ಆ ಹಣದ ಬದಲು ಸಮಯವನ್ನು ಟೆನನ್ ಕಡೆಯುವುದಕ್ಕೆ ಕೊಡಿ. ಸರಿಯಾದ ವ್ಯಾಸ, ಹೊಂದುವ ಇಳಿಜಾರು, ಸಪಾಟಾದ ಹೆಗಲು ಇವು ಮೂರನ್ನು ಕಣ್ಣು ಮುಚ್ಚಿಯೂ ಮಾಡುವಷ್ಟು ಅಭ್ಯಾಸ ಮಾಡಿ. ಪ್ರತಿ ಸಲ ಸ್ವಿಚ್ ಒತ್ತುವ ಮುನ್ನ ಕೀಲಿ ತೆಗೆದಿದ್ದೀರೆಂದು ನೋಡಿ, ಮರವನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಅದರ ಹಾರುವ ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಿ.